ಹಪ್ಪಳದ ಚಾಪೆಯ ಮೇಲೊಂದು ಫ್ರೆಂಚ್ ಪುಸ್ತಕ

ಮಳೆಗಾಲಕ್ಕೆ ಒಂದು ತಿಂಗಳಿದೆ ಎನ್ನುವಾಗ ಕಾರ್ಕಳದ ನಮ್ಮ ಅಂಗಳದಲ್ಲಿ ಹಲಸಿನ ಹಪ್ಪಳದ ಚಾಪೆ ಬಿಚ್ಚಿಕೊಳ್ಳುತ್ತದೆ. ಅದರ ಒಂದು ಮೂಲೆಯನ್ನು ಮಾತ್ರ ನಾನು ಹಪ್ಪಳಕ್ಕೆ ಬಿಟ್ಟುಕೊಡುವುದಿಲ್ಲ. ಅಲ್ಲಿ ಕಂದು ಕಾಗದದ ಹೊದಿಕೆಯ ಒಂದು ನೋಟುಪುಸ್ತಕ ಬಿಸಿಲು ಕಾಯುತ್ತದೆ. ಮಿಡಿಗೆ ಉಪ್ಪು ಹಾಕಿದ ದಿನ, ಹಟ್ಟಿಯ ದನ ಕರು ಹಾಕಿದ ದಿನ, ಮಗಳ ಮೊದಲ ಹಲ್ಲು ಬಿದ್ದ ದಿನ, ಇವೆಲ್ಲ ಅದರ ಹಿಂದಿನ ಪುಟಗಳಲ್ಲಿ ನನ್ನ ಕೈಬರಹದಲ್ಲಿವೆ. ಮುಂದಿನ ಪುಟಗಳಲ್ಲಿರುವುದು ಫ್ರೆಂಚ್. ಪುಸ್ತಕದ ನಡು ಸ್ವಲ್ಪ ಉಬ್ಬಿತ್ತು. ಅದು ತೇವಕ್ಕೆ ಉಬ್ಬಿದ್ದೆಂದು ಅತ್ತೆಯವರು ತಿಳಿದಿದ್ದರು, ನಾನೂ ತಿದ್ದಿರಲಿಲ್ಲ. ತಿದ್ದದೆ ಇರುವುದರಲ್ಲಿ ನನಗೆ ಹದಿನೇಳು ವರ್ಷದ ಅಭ್ಯಾಸ.

ನನ್ನ ತವರು ಇನ್ನಂಜೆ. ಅಂಥ ಹಳ್ಳಿಯ ಹುಡುಗಿಗೆ ಫ್ರೆಂಚ್ ಎಂತಕ್ಕೆ ಎಂದು ನೀವು ಕೇಳಬಹುದು. ಅದನ್ನು ನಾನು ಆಗಲೇ ಕೇಳಿಕೊಂಡಿದ್ದರೆ ಒಳ್ಳೆಯದಿತ್ತು. ಬಿ.ಎ. ಮುಗಿದು, ಮದುವೆ ಗೊತ್ತಾಗದೆ, ಮನೆಯಲ್ಲಿ ಕೂತರೆ ಕೂತಳೆಂದು, ನಿಂತರೆ ನಿಂತಳೆಂದು ಮಾತು ಕೇಳಬೇಕಾದ ಕಾಲ ಅದು. ಮಣಿಪಾಲದಲ್ಲಿ ಶನಿವಾರ ಮಧ್ಯಾಹ್ನ ಒಂದು ಫ್ರೆಂಚ್ ತರಗತಿ ನಡೆಯುತ್ತಿತ್ತು. ಪಾಂಡಿಚೇರಿಯಲ್ಲಿ ಬಹಳ ವರ್ಷವಿದ್ದು ಬಂದ ಮೇಷ್ಟ್ರೊಬ್ಬರು ಕಲಿಸುತ್ತಿದ್ದರು. ಮೊದಲ ಆರು ತಿಂಗಳು ಅವರು ನಮಗೆ ಹೇಳಿಕೊಟ್ಟದ್ದು ನಿಯಮ ಮೀರದ ಕ್ರಿಯಾಪದಗಳನ್ನು ಮಾತ್ರ. ಮಾತಾಡು, ಹುಡುಕು, ಕೊಡು, ಮುಗಿಸು, ಹೀಗೆ ಹೇಳಿದ ಮಾತು ಕೇಳುವ ಸಭ್ಯ ಪದಗಳು. ತಲೆ ಹಾಗೇ ಇಟ್ಟುಕೊಂಡು, 'ನಾನು' ಬಂದರೆ ಒಂದು ಬಾಲ, 'ನಾವು' ಬಂದರೆ ಇನ್ನೊಂದು ಬಾಲ ಕಟ್ಟಿಕೊಳ್ಳುವಂಥವು. ಮಗ್ಗಿ ಒಪ್ಪಿಸಿ ಬೆಳೆದವರಿಗೆ ಇದೇನು ಮಹಾ ಎಂದು ನಾನು ಅವನ್ನು ಮಗ್ಗಿಯ ರಾಗಕ್ಕೇ ಕೂರಿಸಿದೆ. ಜ ಪಾರ್ಲ್, ತು ಪಾರ್ಲ್, ಇಲ್ ಪಾರ್ಲ್, ನು ಪಾರ್ಲೋಂ; ನಾನು ಮಾತಾಡುತ್ತೇನೆ, ನೀನು ಮಾತಾಡುತ್ತೀ, ಹೀಗೆ. ಮಣಿಪಾಲದ ಇಳಿಜಾರಿನಲ್ಲಿ ಬಸ್ಸು ಹತ್ತಿದರೆ ಉಡುಪಿಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ನಾಲ್ಕು ಕ್ರಿಯಾಪದ, ಊರು ಮುಟ್ಟುವ ಹೊತ್ತಿಗೆ ಎಂಟು. ರಾಗವಾಗಿ ಬಂದದ್ದೆಲ್ಲ ಗೊತ್ತಾಯಿತು ಎಂದು ನಂಬುವವರು ನಾವು. ಅಮ್ಮನಂತೂ ಅಡುಗೆಮನೆಯಿಂದ ಈ ರಾಗ ಕೇಳಿ, ಮಗಳಿಗೆ ಫ್ರೆಂಚ್ ಬರುತ್ತದೆಂದು ಊರಿಗೆಲ್ಲ ಹೇಳಿಕೊಂಡು ಬಂದಳು. ನನಗದು ಹಿತವಾಗಿತ್ತು.

ನಮ್ಮ ಗದ್ದೆಯ ಆಚೆ ಐಸಮ್ಮನ ಮನೆ. ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ಹಸನಬ್ಬ ಹಡಗಿನಲ್ಲಿ ಅಡುಗೆಯವ. ವರ್ಷಕ್ಕೊಮ್ಮೆ ಬಂದರೆ ಬಂದ. ಊರಿನಲ್ಲಿ ಓದು ಬಾರದವರ ಕಾಗದವನ್ನು ಓದು ಬಂದ ಮನೆಯ ಮಕ್ಕಳು ಓದಿಹೇಳುವುದು ರೂಢಿ. ಅವನ ಕಾಗದಗಳನ್ನು ಹೈಸ್ಕೂಲಿನಿಂದಲೂ ನಾನೇ ಓದಿಹೇಳುತ್ತಿದ್ದೆ.

ಒಂದು ಭಾನುವಾರ ಕಾರ್ಕಳದವರು ನನ್ನನ್ನು ನೋಡಲು ಬಂದಿದ್ದರು. ಗಂಡಸರು ಗದ್ದೆಯ ಕಡೆ ಹೋಗಿದ್ದರು. ಈಗ ನನಗೆ ಅತ್ತೆಯಾಗಿರುವವರು ಚಾವಡಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಆಗ ಐಸಮ್ಮ ಬಂದಳು, ಕೈಯಲ್ಲಿ ಟೈಪು ಮಾಡಿದ ಒಂದು ಕಾಗದ. ಆಡಿದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಪೋಸ್ಟಿನವರು ಇದು ಇಂಗ್ಲಿಷ್ ಅಲ್ಲ, ಫ್ರೆಂಚ್ ಅಂದ್ರು. ಜಿಬೂಟಿ ಅಂತ ಊರಂತೆ. ಇವರ ಕೈಬರಹ ಎಂತಕ್ಕೆ ಇಲ್ಲ ಅಂತ ನನಗೆ ಹೆದರಿಕೆ."

"ಅದಕ್ಕೆಂತ ಚಿಂತೆ ಮಾರಾಯ್ತಿ. ನಮ್ಮ ವಾರಿಜ ಉಂಟಲ್ಲ," ಎಂದಳು ಅಮ್ಮ, ಐಸಮ್ಮನಿಗೆ ಹೇಳುವಂತೆ, ಕಾರ್ಕಳದವರಿಗೆ ಕೇಳಿಸುವಂತೆ.

ಕಾಗದದಲ್ಲಿ ಹದಿನೈದು ಸಾಲು. ನಾನು ಸಾಕಿದ ಕ್ರಿಯಾಪದಗಳಲ್ಲಿ ಒಂದೂ ಅಲ್ಲಿ ಮುಖ ತೋರಿಸಲಿಲ್ಲ, ಅಥವಾ ತೋರಿಸಿದರೂ ನನಗೆ ಗುರುತು ಸಿಕ್ಕಲಿಲ್ಲ. ಗೊತ್ತಾದದ್ದು ಎರಡೇ, ಹಸನಬ್ಬನ ಹೆಸರು ಮತ್ತು ಬೊಂಬಾಯಿ. ಕಾಫಿಯ ಲೋಟ ಅತ್ತೆಯವರ ತುಟಿಯ ಹತ್ತಿರ ನಿಂತಿತ್ತು. 'ನನಗೆ ಗೊತ್ತಾಗುವುದಿಲ್ಲ' ಎನ್ನುವುದಕ್ಕೆ ಯಾವ ಭಾಷೆಯನ್ನೂ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ನಾನು ಕಾಗದದ ಮೇಲೆ ಬೆರಳು ಓಡಿಸುತ್ತ, ತಡೆಯದೆ ಓದಿದೆ. ಆರೋಗ್ಯವಾಗಿದ್ದಾರಂತೆ. ಕೆಲಸ ಜಾಸ್ತಿಯಂತೆ. ಬೊಂಬಾಯಿಯ ಕಂಪೆನಿಯ ಮೂಲಕ ಮುಂದೆ ಕಾಗದ ಹಾಕುತ್ತಾರಂತೆ.

"ಬರ್ತೇನೆ ಅಂತ ಉಂಟಾ? ಯಾರಾದರೂ ಬೊಂಬಾಯಿಗೆ ಹೋಗಬೇಕಾ? ಕೆಮ್ಮಣ್ಣಿನಲ್ಲಿ ನನ್ನ ತಮ್ಮ ಇದ್ದಾನೆ, ಹೇಳಿದ್ರೆ ಇವತ್ತೇ ಹೊರಡ್ತಾನೆ."

"ಹಾಗೇನೂ ಇಲ್ಲ," ಎಂದೆ.

ಮುಂದಿನ ಶನಿವಾರ ಮೇಷ್ಟ್ರ ಹತ್ತಿರ ಕೇಳಬಹುದಿತ್ತು. ಕೇಳಬೇಕಾದರೆ ಐಸಮ್ಮನಿಂದ ಕಾಗದ ವಾಪಸು ಪಡೆಯಬೇಕು, ಪಡೆಯಬೇಕಾದರೆ ನಿಜ ಹೇಳಬೇಕು. ನಾನು ಆ ಶನಿವಾರ ಬಸ್ಸಿನಲ್ಲಿ 'ಮುಗಿಸು' ಎಂಬ ಪದವನ್ನು ಆರೂ ಬಾಲಗಳ ಸಮೇತ ಬಾಯಿಪಾಠ ಮಾಡಿದೆ. ಕಾರ್ಕಳದವರು ಒಪ್ಪಿದ್ದಾರೆಂದು ಅದೇ ಸಂಜೆ ಹೇಳಿಕಳಿಸಿದರು.

ಎರಡು ವಾರದ ಮೇಲೆ ಹಸನಬ್ಬ ಬಂದ. ಬೊಂಬಾಯಿ ಬಸ್ಸಿನಿಂದ ಅವನನ್ನು ಕಂಡಕ್ಟರ್ ಹಿಡಿದು ಇಳಿಸಿದನಂತೆ. ಹಡಗಿನ ಅಡುಗೆಮನೆಯಲ್ಲಿ ಕಾದ ಎಣ್ಣೆ ಮಗುಚಿ ಎರಡೂ ಕೈ ಮೊಣಕೈವರೆಗೆ ಸುಟ್ಟಿತ್ತು; ಬೆರಳು ಕಾಣದಂತೆ ಬಟ್ಟೆ ಸುತ್ತಿದ್ದರು. ಜಿಬೂಟಿಯ ಆಸ್ಪತ್ರೆಯ ಗುಮಾಸ್ತ ಆ ಕಾಗದ ಬರೆದದ್ದು ಅದಕ್ಕೇ: ಇಂಥ ಹಡಗಿನಲ್ಲಿ ಬೊಂಬಾಯಿಗೆ ಕಳಿಸುತ್ತಿದ್ದೇವೆ, ಕೈಯಿಂದ ಏನೂ ಮಾಡಲಾರ, ಮನೆಯವರು ಒಬ್ಬರು ಬಂದು ಕರೆದುಕೊಂಡು ಹೋಗಬೇಕು. ಬಂದರಿನಲ್ಲಿ ಎರಡು ದಿನ ಕಾದನಂತೆ. ಆಮೇಲೆ ಯಾರೋ ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ಅವನು ಊಟ ಮಾಡಲಿಲ್ಲ, ನೀರನ್ನೂ ಕುಡಿಯಲಿಲ್ಲ. ಅನ್ನ ಕಲಸಿ ಬಾಯಿಗಿಡಿ ಎಂದು ಅಪರಿಚಿತರಿಗೆ ಹೇಳಬಹುದಂತೆ. ಉಂಡು, ನೀರು ಕುಡಿದರೆ ಆಮೇಲೆ ಮುಂಡು ಬಿಚ್ಚಿಕೊಡಿ ಎಂದು ಯಾರಿಗೆ ಹೇಳುವುದು ಎಂದ. ಅವನು ಅದನ್ನು ತಮಾಷೆಯಂತೆ ಹೇಳಿ ನಕ್ಕ. ಅಮ್ಮ ಕೊಟ್ಟು ಕಳಿಸಿದ ಗಂಜಿಯ ಪಾತ್ರೆ ಹಿಡಿದು ನಾನು ಅವರ ಬಾಗಿಲಲ್ಲಿ ನಿಂತಿದ್ದೆ.

"ಕಾಗದ ಬರಲೇ ಇಲ್ವಾ?" ಎಂದು ಹಸನಬ್ಬ ಹೆಂಡತಿಯನ್ನು ಕೇಳಿದ.

ಐಸಮ್ಮ ನನ್ನನ್ನು ನೋಡಲಿಲ್ಲ. ಚಮಚದಲ್ಲಿ ಗಂಜಿ ತೆಗೆದು, ಊದಿ, ಅವನ ಬಾಯಿಗೆ ಹಿಡಿದಳು. "ಇಲ್ಲ. ಅಲ್ಲಿಯ ಪೋಸ್ಟು ಎಷ್ಟು ದೂರ, ಅಲ್ವಾ. ದಾರಿಯಲ್ಲಿ ಎಲ್ಲೋ ಬಿದ್ದಿರ್ಬೇಕು."

ನನ್ನನ್ನು ಕಳಿಸಲು ಅವಳು ಬೇಲಿಯ ತಡಮೆಯವರೆಗೆ ಬಂದಳು. ಸೆರಗಿನಿಂದ ಆ ಕಾಗದ ತೆಗೆದು ನನ್ನ ಕೈಯಲ್ಲಿಟ್ಟಳು.

"ನಿನ್ನ ಪುಸ್ತಕದೊಳಗೆ ಇಟ್ಟುಕೋ. ಇವರ ಕಣ್ಣಿಗೆ ಬೀಳುವುದು ಬೇಡ. ಮದುವೆ ಹತ್ತಿರ ಬಂತು, ಹೀಗೆ ಮುಖ ಸಣ್ಣ ಮಾಡಿಕೊಂಡು ತಿರುಗ್ಬೇಡ."

ಬೈದಿದ್ದರೆ ನಾನು ಅತ್ತು, ಅವಳು ಕ್ಷಮಿಸಿ, ವಿಷಯ ಎಲ್ಲೋ ಒಂದು ಕಡೆ ಮುಗಿಯುತ್ತಿತ್ತು. ಅವಳು ಗಂಡನಿಗೆ ಸುಳ್ಳು ಹೇಳಿ ನನ್ನ ಮಾನ ಉಳಿಸಿದಳು. ಆ ಉಳಿದ ಮಾನದಲ್ಲಿ ನನ್ನ ಮದುವೆಯಾಯಿತು. ಮೇಷ್ಟ್ರ ಮುಂದಿನ ಪಾಠಗಳಿಗೆ ನಾನು ಹೋಗಲಿಲ್ಲ. ಈ ಮನೆಗೆ ಬಂದವರಿಗೆಲ್ಲ ಅತ್ತೆಯವರು ನನ್ನ ಅಡುಗೆಗಿಂತ ಮೊದಲು ನನ್ನ ಫ್ರೆಂಚನ್ನೇ ಹೊಗಳುತ್ತ ಬಂದರು. ಹೊಗಳಿದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನವರು ವಿನಯವೆಂದು ತಿಳಿದು ಇನ್ನಷ್ಟು ಹೊಗಳುತ್ತಿದ್ದರು. ನಾಚಿಕೆಯೂ ವಿನಯವೂ ಹೊರಗಿನಿಂದ ನೋಡುವವರಿಗೆ ಒಂದೇ ತರಹ ಕಾಣುತ್ತವೆ ಎನ್ನುವುದರಲ್ಲಿ ನನ್ನಂಥವರಿಗೆ ಎಷ್ಟು ಅನುಕೂಲವಿದೆ ನೋಡಿ.

ಈ ವರ್ಷವೂ ಚಾಪೆ ಬಿಚ್ಚಿದೆ, ಪುಸ್ತಕ ಇಟ್ಟೆ. ಪಕ್ಕದ ಮನೆಯವರು ಹಪ್ಪಳ ತಿರುವಿ ಹಾಕಲು ಬಂದಿದ್ದರು. ಅತ್ತೆಯವರು ಜಗಲಿಯಿಂದಲೇ ಶುರು ಮಾಡಿದರು.

"ಅದು ನಮ್ಮ ವಾರಿಜನ ಫ್ರೆಂಚ್ ಪುಸ್ತಕ. ನಾವು ನೋಡಲು ಹೋದ ದಿನ ಎಷ್ಟು ಚಂದ ಓದಿದ್ದಳು ಗೊತ್ತುಂಟಾ, ನೀರು ಕುಡಿದ ಹಾಗೆ."

ನೀರು ಎಂಬ ಮಾತು ಕಿವಿಗೆ ಬಿದ್ದದ್ದೇ ಕೈಯಲ್ಲಿದ್ದ ಹಪ್ಪಳ ಮುರಿಯಿತು.

"ಇಲ್ಲ ಅತ್ತೆ, ನನಗೆ ಫ್ರೆಂಚ್ ಬರುವುದಿಲ್ಲ," ಎಂದೆ. "ಅವತ್ತೂ ಬರುತ್ತಿರಲಿಲ್ಲ."

ಅತ್ತೆಯವರು ಜಗಲಿಯ ಅಂಚಿಗೆ ಬಂದು ಕೂತರು. "ಹಾಗಾದರೆ ಅವತ್ತು ಓದಿದ್ದು ಎಂತದು?"

ನಾನು ಪುಸ್ತಕದ ನಡುವಿನಿಂದ ಆ ಕಾಗದ ತೆಗೆದು, ಮಡಿಕೆ ಬಿಡಿಸಿ ಅವರ ಮಡಿಲಲ್ಲಿಟ್ಟೆ, ಮೆಟ್ಟಿಲ ಮೇಲೆ ಕೂತು ಮೊದಲಿನಿಂದ ಹೇಳಿದೆ. ಹೇಳಿ ಮುಗಿಯುವಾಗ ಬಿಸಿಲು ಚಾಪೆ ದಾಟಿ ಹೋಗಿತ್ತು. ಅವರು ಕಾಗದ ಮಡಿಸಿಕೊಂಡು ಒಳಗೆ ಹೋದರು. ಪುಸ್ತಕವನ್ನು ನಾನು ಒಳಗೆ ತಂದಿಟ್ಟಿದ್ದೇನೆ, ಈಗ ಅದರ ನಡು ಚಪ್ಪಟೆಯಾಗಿದೆ. ಕಾಗದ ಇನ್ನೂ ಅತ್ತೆಯವರ ಬಳಿ ಇದೆ. ಬರುವ ಭಾನುವಾರ ಇನ್ನಂಜೆಗೆ ಇಬ್ಬರೂ ಹೋಗೋಣ, ಹಪ್ಪಳ ಕಟ್ಟಿಡು, ಕಾಗದ ನೀನೇ ಹಸನಬ್ಬನ ಕೈಯಲ್ಲಿ ಕೊಡಬೇಕು ಎಂದು ಇವತ್ತು ಬೆಳಿಗ್ಗೆ ಹೇಳಿದರು. ಹಪ್ಪಳ ಕಟ್ಟಿಟ್ಟಿದ್ದೇನೆ.