ಖಾಲಿ ಕ್ಯಾರಿಯರಿನ ಸುದ್ದಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಸನದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತ ಸಂಶೋಧನೆಯನ್ನೂ ಮಾಡುತ್ತಿದ್ದೆ. ಕಳಿಸಿದ ಸುದ್ದಿ ನಡುವೆ ಇನ್ನೊಬ್ಬರ ಕೈ ದಾಟಿ ಹೋದರೂ ಒಂದಿಷ್ಟೂ ತಪ್ಪಿಲ್ಲದೆ ತಲುಪುವುದು ಹೇಗೆ ಎಂಬುದು ನನ್ನ ವಿಷಯ. ಒಂದೊಂದು ಸಂಕೇತಕ್ಕೂ ಒಂದು ಚುಕ್ಕಿ ಇಡುತ್ತೇವೆ. ಯಾವ ಎರಡು ಸಂಕೇತಗಳು ಸುದ್ದಿ ತಲುಪುವ ತುದಿಯಲ್ಲಿ ಒಂದೇ ಥರ ಕಾಣಬಹುದೋ ಅವುಗಳ ನಡುವೆ ಗೆರೆ ಎಳೆಯುತ್ತೇವೆ. ನಡುವೆ ಗೆರೆಯಿಲ್ಲದ ಚುಕ್ಕಿಗಳನ್ನಷ್ಟೇ ಆರಿಸಿಕೊಂಡರೆ ತಪ್ಪಾಗುವ ಮಾತೇ ಇಲ್ಲ. ಎಲ್ಲೋ ಒಂದು ತಪ್ಪಾದರೆ ಪರವಾಗಿಲ್ಲ ಎನ್ನುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಆಗಲೇ ಅಪ್ಪ ಹಾಸನದಲ್ಲಿ ಆಸ್ಪತ್ರೆ ಸೇರಿದರು. ಜೊತೆಗೆ ನಾನಿದ್ದೆ. ಅವ್ವ ದಂಡಿಗನಹಳ್ಳಿಯ ಹತ್ತಿರದ ನಮ್ಮೂರಲ್ಲಿ. ಹಾಸಿಗೆ ಹಿಡಿದ ಅಜ್ಜಿಯನ್ನು ಬಿಟ್ಟು ಬರುವಂತಿರಲಿಲ್ಲ. ಅಪ್ಪನಿಗೆ ಬೇರೆಯವರ ಅಡುಗೆ ಸೇರದು. ಹಾಗಾಗಿ ಅವ್ವ ಬೆಳಗಿನ ಮೊದಲ ಬಸ್ಸಿಗೆ ಊಟದ ಕ್ಯಾರಿಯರ್ ಕೊಡುವಳು. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ನಮ್ಮ ಪರಿಚಯದ ಹೆಂಗಸು ಅದನ್ನು ಇಳಿಸಿಕೊಂಡು ಹಾಸನದ ಬಸ್ಸಿಗೆ ಹತ್ತಿಸುವಳು. ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸ್ಸು.

ಊರಿನ ಫೋನು ಇದ್ದೂ ಇಲ್ಲದ ಹಾಗೆ. ಅವ್ವನಿಗೆ ಓದು ಬಾರದು. ಚೀಟಿ ಕಳಿಸಿದರೆ ಯಾರ ಕೈಲಾದರೂ ಓದಿಸಬೇಕು, ಅಪ್ಪನ ಕಾಯಿಲೆ ಊರ ಬಾಯಿಗೆ ಬೀಳುತ್ತಿತ್ತು. ನಾನೇ ಉಪಾಯ ಹೂಡಿ ಅವ್ವನಿಗೆ ಮೊದಲೇ ಹೇಳಿಕೊಟ್ಟೆ. ಕ್ಯಾರಿಯರಿನಲ್ಲಿ ಹಣ್ಣೋ ಬ್ರೆಡ್ಡೋ ಇದ್ದರೆ ಎಲ್ಲ ಸರಿಯಿದೆ. ಖಾಲಿ ಬಂದರೆ ಅಜ್ಜಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ತಕ್ಷಣ ಹೊರಡಬೇಕು. ಎರಡೇ ಚುಕ್ಕಿ, ನಡುವೆ ಗೆರೆಯಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಹೂವಿನವಳಿಗೆ ಇದನ್ನೆಲ್ಲ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಒಂದು ದಿನ ಅಪ್ಪನ ಉಸಿರಾಟ ಕೆಟ್ಟಿತು. "ನಿಮ್ಮವ್ವುನ್ನ ಕರ್ಸು ಕಣವ್ವ, ಒಂದ್ಸಲ ನೋಡ್ಬೇಕು" ಎಂದರು. ಕ್ಯಾರಿಯರ್ ತೊಳೆದು ಖಾಲಿ ಕಳಿಸಿದೆ. ಸಂಜೆಯ ಬಸ್ಸು ಬಂತು, ಅವ್ವ ಬರಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ಅಪ್ಪ ಕತ್ತು ತಿರುಗಿಸುತ್ತಿದ್ದರು. ಅವ್ವನನ್ನು ನಾನು ಮನಸ್ಸಿನಲ್ಲೇ ಹಿಗ್ಗಾಮುಗ್ಗಾ ಬೈದೆ. ಬೆಳಗಾಗುವಷ್ಟರಲ್ಲಿ ಅಪ್ಪ ಹೋದರು. ಆಮೇಲೆ ಎಂದಿನ ಹೊತ್ತಿಗೆ ಕ್ಯಾರಿಯರ್ ಬಂತು. ಒಳಗೆ ಅಪ್ಪನಿಗಿಷ್ಟದ ಉಪ್ಪಿಟ್ಟು, ಇನ್ನೂ ಬೆಚ್ಚಗಿತ್ತು.

ಅಪ್ಪನನ್ನು ಊರಿಗೆ ತಂದಾಗ, ಯಾಕೆ ಬರಲಿಲ್ಲ ಎಂದು ಜನರೆದುರೇ ಅವ್ವನ ಮೇಲೆ ರೇಗಿದೆ.

"ಬಾಳೆಹಣ್ಣು ಕಳ್ಸಿದ್ಯಲ್ಲ ಕಣೆ. ವಾಸಿ ಆಯ್ತಾವ್ರೆ ಅಂತ ದೇವ್ರಿಗೆ ದೀಪ ಹಚ್ಚಿದ್ದೆ" ಎಂದಳು ಅವ್ವ.

ಹಣ್ಣು ಇಟ್ಟಿದ್ದು ನಾನಲ್ಲ. ತಿಥಿ ಮುಗಿಸಿ ಹಾಸನಕ್ಕೆ ಹಿಂತಿರುಗುವಾಗ ಚನ್ನರಾಯಪಟ್ಟಣದಲ್ಲಿ ಇಳಿದೆ, ಹೂವಿನವಳಿಗೆ ನಾಲ್ಕು ಮಾತು ಅನ್ನಬೇಕೆಂದೇ. ನಾನು ಬಾಯಿ ತೆಗೆಯುವ ಮೊದಲೇ ಅವಳು ಶುರು ಮಾಡಿದಳು: "ಅವತ್ತು ಬರೀ ಡಬ್ಬಿ ಬಂದಿತ್ತು ಕಣವ್ವ. ಅನ್ನ ತಂದ ಡಬ್ಬಿನ ಬರಿದು ಕಳ್ಸಬಾರ್ದು, ಅದೂ ಕಾಯ್ಲೆ ಇರೋ ಮನೆಗೆ. ಆಸ್ಪತ್ರೆ ಗಲಾಟೇಲಿ ಮರ್ತಿದ್ದೀಯ ಅಂತ ಎರಡು ಬಾಳೆಹಣ್ಣು ಮಡಗ್ದೆ. ನಿಮ್ಮಪ್ಪ ಎಂಗವ್ರೆ?"

ಖಾಲಿ ಪಾತ್ರೆ ಹಿಂತಿರುಗಿಸಬಾರದೆಂದು ನನಗೆ ಗೊತ್ತಿಲ್ಲದ್ದೇ? ಪಕ್ಕದ ಮನೆಯ ಬಟ್ಟಲನ್ನು ಒಂದು ಚಿಟಿಕೆ ಸಕ್ಕರೆಯಾದರೂ ಹಾಕದೆ ನಾವು ಎಂದೂ ಕೊಟ್ಟವರಲ್ಲ. ಆ ಎರಡು ಚುಕ್ಕಿಗಳ ನಡುವಿನ ಗೆರೆ ಎಳೆಯಬೇಕಾದವಳು ನಾನೇ.

"ಚೆನ್ನಾಗಿದ್ದಾರೆ" ಎಂದೆ.

ಅವಳ ಮುಖ ಅರಳಿತು. ಬುಟ್ಟಿಯ ಮಲ್ಲಿಗೆಯಲ್ಲಿ ಒಂದು ಮೊಳ ಕತ್ತರಿಸಿ, ನಿಮ್ಮವ್ವ ಮುಡಿಯಲಿ ಎಂದು ನನ್ನ ಕೈಗಿಟ್ಟಳು.