ಎಡಗೈ ಮತ್ತು ಮೂವರು ಪಾಂಡವರು

ಮನುಷ್ಯನಿಗೆ ದೇವರು ಎರಡು ಕೈ ಕೊಟ್ಟದ್ದರ ಹಿಂದೆ ಗಹನವಾದ ಉದ್ದೇಶವೊಂದು ಇರಲೇಬೇಕು. ಆ ಕಾಲದ ಹಳಿಯಾಳದಲ್ಲಿ, ನಮ್ಮ ಆಯಿಯ ಮನೆಯಲ್ಲಿ, ಒಂದು ಉಣ್ಣಲು, ಇನ್ನೊಂದು ತೊಳೆದುಕೊಳ್ಳಲು ಎಂಬಲ್ಲಿಗೆ ಆ ಉದ್ದೇಶ ಮುಗಿದುಹೋಗುತ್ತಿತ್ತು.

ಆಯಿ ಎಂದರೆ ಅವ್ವನ ತಾಯಿ. ಎಡಗೈಯಿಂದ ಏನಾದರೂ ಕೊಡಹೋದರೆ ಮಣಿಕಟ್ಟಿನ ಮೇಲೆ ಸೌಟು ಬೀಳುತ್ತಿತ್ತು. ಎರಡನೆಯ ಮಹಾಯುದ್ಧದ ಒಂದು ವರ್ಷ ದೀಪಾವಳಿಗೆ ಆಯಿಯ ಮಗ, ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿದ್ದ ನಮ್ಮ ಮಾಮಾ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನ ಮಸಿ ಬಳಿದುಕೊಂಡು ಬಂದ. ಅವನು ಹುಬ್ಬಳ್ಳಿಯಲ್ಲಿ ಸರ್ಕಸ್ಸು ನೋಡಿದ್ದ ಮಹಾಪುರುಷ. ದೇವರ ಮುಂದಿನ ಮೂರು ನಿಂಬೆಹಣ್ಣು ಎತ್ತಿಕೊಂಡು, ಒಂದರ ಹಿಂದೊಂದು ಗಾಳಿಗೆ ತೂರಿ, ಹಿಡಿದು, ಮತ್ತೆ ತೂರಿ ತೋರಿಸಿದ.

"ಕಲಿ ಗೋದಾ. ಒಂದೂ ನೆಲಕ್ಕ ಬೀಳದಂಗ ಆಡಿಸಿ ತೋರ್ಸಿದರ ನಿನ್ನೂ ಸರ್ಕಸ್ಸಿಗೆ ಕರಕೊಂಡು ಹೋಗ್ತೇನಿ."

ಅಲ್ಲಿ ಆನೆ ಸ್ಟೂಲಿನ ಮೇಲೆ ಕೂರುತ್ತದಂತೆ. ನಮ್ಮ ಕಾಡಿನ ಆನೆಗಳಿಗೆ ಅಂಥ ಸಂಸ್ಕಾರವಿರಲಿಲ್ಲ. ಅದನ್ನು ನೋಡದೆ ಸಾಯಬಾರದೆಂದು ಎಂಟನೆಯ ವಯಸ್ಸಿನಲ್ಲೇ ನಿಶ್ಚಯಿಸಿದೆ.

ವಿದ್ಯೆ ಕೇಳಲು ಸುಲಭ. ಬಲಗೈಯ ಹಣ್ಣು ಕಣ್ಣೆತ್ತರಕ್ಕೆ ಏರಿ ಇನ್ನೇನು ಇಳಿಯಬೇಕು ಎನ್ನುವಾಗ, ಎಡಗೈಯದನ್ನು ಅದರ ಕೆಳಗಿನಿಂದ ತೂರಬೇಕು. ನನ್ನ ಎಡಗೈ ತೂರಲು ಒಪ್ಪಲಿಲ್ಲ. ತನ್ನಲ್ಲಿದ್ದದ್ದನ್ನು ಮೆಲ್ಲಗೆ ಬಲಗೈಗೆ ದಾಟಿಸಿ ಸುಮ್ಮನಾಗುತ್ತಿತ್ತು.

ಮಾಮಾ ತಲೆ ಚಚ್ಚಿಕೊಂಡ. "ಎಡಗೈ ಏನ್ ಹೊಸಾ ಸೊಸಿ ಏನವಾ, ಬಾಗಲಾ ಹಿಂದ ನಿಂತು ಎತ್ತಿಕೊಡಾಕ? ತೂರಬೇಕು!"

ಅಷ್ಟರಲ್ಲಿ ಆಯಿ ಬಂದಳು. "ಆ ಕೈಲೆ ಮುಟ್ಟಿದ ಹಣ್ಣು ಯಾವ ದೇವ್ರು ತಿಂತಾನೋ? ಥೂ!" ಎಂದು ನಿಂಬೆಹಣ್ಣುಗಳನ್ನು ತಿಪ್ಪೆಗೆ ಎಸೆದಳು.

ಮರುದಿನ ತಿಪ್ಪೆಯಿಂದ ಅವನ್ನೇ ಹೆಕ್ಕಿ ತಂದೆ. ಮೂರನೆಯ ದಿನಕ್ಕೆ ಅವುಗಳ ಮೈಮೇಲೆ ಹಸಿರು ಬೂಷ್ಟು ಎದ್ದಿತು. ಹಿಡಿದಾಗಲೆಲ್ಲ ಬೆರಳು ಒಳಕ್ಕೆ ಹೋಗುತ್ತಿತ್ತು. ಹುಳಿತ ರಸ ಮೊಳಕೈವರೆಗೆ ಇಳಿದು, ಹಿಂದೆಯೇ ಇರುವೆಗಳ ಮೆರವಣಿಗೆ. ಒಂದು ಹಣ್ಣು ಗಾಳಿಯಲ್ಲಿಯೇ ಬಿರಿದು ಹಣೆಯ ಮೇಲೆ ಕೂತಿತು. ಉಣ್ಣುವ ಕೈಯನ್ನು ಎಷ್ಟು ತಿಕ್ಕಿದರೂ ಅನ್ನ ಕಲಸುವಾಗ ಕೊಳೆತ ವಾಸನೆಯೇ ಮೂಗಿಗೆ ಬಡಿಯುತ್ತಿತ್ತು. ಇಷ್ಟಾಗಿಯೂ ಎಡಗೈ ಸೊಸೆತನ ಬಿಡಲಿಲ್ಲ.

ಪಾಡ್ಯದ ಬೆಳಗು ಬಂತು. ಅಂದು ಸಗಣಿಯಲ್ಲಿ ಐವರು ಪಾಂಡವರನ್ನು ಉಂಡೆಗಟ್ಟಿ, ಹೂ ಚುಚ್ಚಿ, ಹೊಸ್ತಿಲಲ್ಲಿ ಇಟ್ಟು ಪೂಜಿಸುವುದು ನಮ್ಮ ಕಡೆಯ ಪದ್ಧತಿ. ಸಗಣಿ ಕಲಸುವ ಪುಣ್ಯ ನನ್ನ ಪಾಲಿಗೆ ಬಂತು. ಬಿಸಿಬಿಸಿ, ಹಬೆಯಾಡುವ ಸಗಣಿ. ಅರಗದ ಹುಲ್ಲಿನ ಎಳೆ, ಉಗುರುಸಂದಿಗೆ ತೂರುವ ಹಸಿರು ಲೋಳೆ, ನಡುವಿನಿಂದ ಎದ್ದು ಬಂದ ಒಂದು ಕರಿ ಹುಳ. ಉಸಿರು ಬಿಗಿಹಿಡಿದು ಐವರನ್ನೂ ಮಾಡಿ ಮಣೆಯ ಮೇಲೆ ಕೂರಿಸಿದೆ.

ಮಾಮಾ ಮಿಂದು, ಹೊಸ ಧೋತರ ಉಟ್ಟು ಬಂದ. "ನಾಳೆ ಮುಂಜಾನಿ ಬಸ್ಸಿಗೆ ಹೊಂಟೇನಿ. ಏನವಾ, ಮೂರಾಟ ಬಂತೋ ಇಲ್ಲೋ?"

ನಿಂಬೆಹಣ್ಣು ಉಳಿದಿರಲಿಲ್ಲ. ಭೀಮ ನನ್ನ ಮುಷ್ಟಿಗೆ ಹಿಡಿಸುವ ಗಾತ್ರದವನಲ್ಲ, ಬಿಟ್ಟೆ. ಅರ್ಜುನ, ನಕುಲ, ಸಹದೇವರನ್ನು ಎತ್ತಿಕೊಂಡೆ.

ಆಗಲೇ ಆ ಪವಾಡ ನಡೆದದ್ದು. ಎರಡೂ ಕೈ ಮೊಳಕೈವರೆಗೆ ಸಮಸಮವಾಗಿ ಹೇಸಿಯಾಗಿದ್ದವು. ಯಾವುದು ಉಣ್ಣುವುದು, ಯಾವುದು ತೊಳೆಯುವುದು ಎಂಬ ಭೇದವೇ ಉಳಿಯದೆ, ಎಡಗೈ ಮೊದಲ ಬಾರಿಗೆ ತಾನಾಗಿ ತೂರಿತು. ಅರ್ಜುನ ಏರಿದ, ನಕುಲ ಅವನ ಕೆಳಗೆ ಹಾಯ್ದ, ಸಹದೇವ ಹಿಂಬಾಲಿಸಿದ. ಸುತ್ತು ಮುಗಿಯಿತು, ಮತ್ತೊಂದು ಶುರುವಾಯಿತು. ಮಾಮಾ "ಆಹಾ! ಆಹಾ!" ಎಂದು ಬಾಯಿ ತೆರೆದ.

ಆಯಿ ಹಾಲಿನ ಬಟ್ಟಲು ಹಿಡಿದು ಒಳಗಿನಿಂದ ಬಂದವಳು ಚೀರಿದಳು: "ಅಯ್ಯ ನನ ಶಿವನ! ಪಾಂಡವರನ್ನ ಹಾರ್ಸಾಕತ್ತಾಳಲ್ಲೋ!"

ಬೆಚ್ಚಿ ಅತ್ತ ತಿರುಗಿದೆ. ಇಬ್ಬರು ನನ್ನ ಕೈಯಲ್ಲೇ ಉಳಿದರು. ಎಲ್ಲರಿಗಿಂತ ಕಿರಿಯನಾದ ಸಹದೇವ ಮಾಮಾನ ಬಾಯಿಯೊಳಗೆ ಪ್ರವೇಶ ಮಾಡಿದ.

ಮಾಮಾ ಬಚ್ಚಲಿಗೆ ಓಡಿದ. ಅವನು ವಾಂತಿ ಮಾಡುವ ಸದ್ದು ಓಣಿಗೆಲ್ಲ ಕೇಳಿತು. ನಾನು ಬಚ್ಚಲ ಬಾಗಿಲಲ್ಲಿ ನಿಂತು ನ್ಯಾಯ ಕೇಳಿದೆ. "ಮಾಮಾ, ನೆಲಕ್ಕ ಬಿದ್ದಿಲ್ಲ. ನಿನ್ನ ಬಾಯಾಗ ಬಿದ್ದೈತಿ. ನಾ ಗೆದ್ದೇನಿ."

"ಖರೇ ಐತಲ್ಲೋ, ಕೂಸು ಗೆದ್ದೈತಿ," ಎಂದು ಆಯಿಯೇ ಹೇಳಿದ್ದು ಆಶ್ಚರ್ಯ. "ಮತ್ತ ಅಷ್ಟ್ಯಾಕ ಕಾರ್ತಿ? ಸಗಣಿಗೆ ಮೈಲಿಗಿ ಇಲ್ಲ. ಎಡಗೈ ಮುಟ್ಟಿದ ನಿಂಬಿಹಣ್ಣಾಗಿದ್ರ ಮಾತು ಬ್ಯಾರೆ ಇತ್ತು."

ಮಾಮಾ ತಲೆ ಎತ್ತಿ ನನ್ನ ಕೈಗಳನ್ನು ನೋಡಿದ. ಮತ್ತೆ ಬಗ್ಗಿದ.

ಈಗ ಆಯಿಯ ಮನೆಯ ದನದ ಕೊಟ್ಟಿಗೆಯಲ್ಲಿ ಮೋಟಾರುಸೈಕಲ್ಲು ನಿಲ್ಲುತ್ತದೆ. ಪಾಂಡವರಿಗೆ ಸಗಣಿ ಬೇಕೆಂದರೆ ನಾಲ್ಕು ಓಣಿ ಅಲೆಯಬೇಕು. ಮಕ್ಕಳು ಎಡಗೈಯಿಂದಲೇ ಪ್ರಸಾದ ಇಸಿದುಕೊಳ್ಳುತ್ತಾರೆ, ಸೌಟು ಎತ್ತುವವರಿಲ್ಲ. ಎಲ್ಲರ ಕೈಯೂ ಚೊಕ್ಕಟ, ಎಲ್ಲವೂ ಸಾಬೂನಿನ ವಾಸನೆ. ಮನಸಾರೆ ಹೇಸಿಕೊಳ್ಳುವ ಸುಖವೊಂದು ಮಾತ್ರ ನಮಗೆ ಉಳಿದಿಲ್ಲ.

ಬಸ್ಸಿನಲ್ಲಿ ನನ್ನ ಪಕ್ಕ ಕೂರಲಾರೆನೆಂದು ಮಾಮಾ ಮರುದಿನ ಒಬ್ಬನೇ ಹೋದ. ಸರ್ಕಸ್ಸು ನಾನು ಈವರೆಗೂ ನೋಡಿಲ್ಲ.