ಹರದನಹಳ್ಳಿ ರಾಜಣ್ಣನ ಅರವತ್ತು ಕುಂಡಗಳು

ಹರದನಹಳ್ಳಿಯ ರಾಜಣ್ಣ ಚಾಮರಾಜನಗರದ ಒಂದು ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಅಟೆಂಡರ್. ಓದಿದ್ದು ಏಳನೇ ತರಗತಿ. ಆದರೂ ಆ ಕಾಲೇಜಿನಲ್ಲಿ ನಡೆದ ಒಂದೇ ಒಂದು ಸಂಶೋಧನೆಯಲ್ಲಿ ಅರ್ಧ ಅವರದು. ಉಳಿದರ್ಧ ಸಸ್ಯಶಾಸ್ತ್ರದ ನಯನಾ ಮೇಡಂ ಅವರದು.

ಅರಿಶಿನಕ್ಕೆ ಗೆಡ್ಡೆ ಕೊಳೆ ರೋಗ ಬರುತ್ತದೆ. ಇಬ್ಬರೂ ಊರೂರಿನ ಅರಿಶಿನವನ್ನು ಅರವತ್ತು ಕುಂಡಗಳಲ್ಲಿ ನೆಟ್ಟು, ಬೇಕೆಂದೇ ರೋಗದ ಮಣ್ಣು ಹಾಕಿದರು. ಮೂರು ವರ್ಷವೂ ಹಂಗಳ ಎಂಬ ಊರಿನಿಂದ ತಂದು ನೆಟ್ಟ ಹನ್ನೆರಡು ಕುಂಡಗಳ ಗೆಡ್ಡೆ ಮಾತ್ರ ಕೊಳೆಯಲಿಲ್ಲ. ಏಕೆಂದು ತಿಳಿಯಲು ಯಂತ್ರ ಬೇಕು, ಯಂತ್ರಕ್ಕೆ ಅನುದಾನ ಬೇಕು. ಮೇಡಂ ಹಾಕಿದ ಎರಡು ಅರ್ಜಿಗೂ ಇಲ್ಲವೆಂದೇ ಉತ್ತರ ಬಂದಿತ್ತು.

"ನಮ್ಮ ದೇಶ ನೂರು ರೂಪಾಯಿ ದುಡಿದರೆ ಸಂಶೋಧನೆಗೆ ಮುಕ್ಕಾಲು ರೂಪಾಯಿನೂ ಇಡಲ್ಲ ರಾಜಣ್ಣ. ಕೊರಿಯಾದವರು ಐದು ರೂಪಾಯಿ ಹತ್ತಿರ ಇಡ್ತಾರೆ. ಅಲ್ಲಿರೋ ನನ್ನ ಗೆಳತಿಗೆ ಶುಂಠಿ ಕೊಳೆ ಮೇಲೆ ಮೊದಲ್ನೇ ಅರ್ಜಿಗೇ ಸಿಕ್ತು."

"ಆ ಮುಕ್ಕಾಲ್ರಲ್ಲಿ ನಮ್ ಪಾಲು ಬರೀ ಅರ್ಜಿ ಫಾರಮ್ಮೇ ಕಣಿ ಮೇಡಂ."

ಮೂರನೇ ಅರ್ಜಿಗೆ ಕಡೆಗೂ ಪರಿಶೀಲನಾ ಸಮಿತಿ ಬರುವುದಾಯಿತು. ನಮ್ಮಲ್ಲಿ ಸಮಿತಿ ಬರುತ್ತದೆ ಎಂದರೆ ಮೊದಲು ಸುಣ್ಣ ಬರುತ್ತದೆ. ಪ್ರಿನ್ಸಿಪಾಲ್ ಗಂಗಾಧರಸ್ವಾಮಿಯವರು ಗೋಡೆಗೆಲ್ಲ ಬಳಿಸಿದರು. ಮೇಡಂ ಅವರನ್ನು ಸ್ವಾಗತ ಭಾಷಣ ಬರೆಯಲು ಕೂರಿಸಿದರು. ರಾಜಣ್ಣನನ್ನು ಹಾರಕ್ಕೆ ಚೆಂಡು ಹೂ ತರಲು ಗುಂಡ್ಲುಪೇಟೆಗೆ ಕಳಿಸಿದರು.

ಹೂವಿನ ಮೂಟೆ ಹೊತ್ತು ಬಂದರೆ ಕುಂಡಗಳಿದ್ದ ಹಿಂದಿನ ವರಾಂಡ ಖಾಲಿ. ಫಿನಾಯಿಲ್ ವಾಸನೆ. ಪ್ರಿನ್ಸಿಪಾಲರು ಅಲ್ಲೇ ನಿಂತಿದ್ದರು.

"ಕುಂಡ ಎಲ್ಲಿ ಸಾ?"

"ಕೊಳೆತು ನಾರ್ತಿತ್ತು ಕಣಯ್ಯ. ಎಲ್ಲಾ ತಿಪ್ಪೆಗೆ ಸುರಿಸಿದೆ. ಬರೋರು ದೊಡ್ಡವರು."

"ಅವ್ರು ಬರಾದೇ ಆ ಕೊಳೆ ನೋಡಕೆ. ಎಣ್ ನೋಡಕ್ ಬತ್ತರೆ ಅಂತ ಮನೆಗ್ ಸುಣ್ಣ ಒಡ್ದು, ಎಣ್ಣನ್ನೇ ಆಚಿಗ್ ತಳ್ದಂಗಾಯ್ತು ಸಾ."

ರಾಜಣ್ಣ ತಿಪ್ಪೆ ಕೆದಕಿದರು. ಕುಂಡಗಳು ಒಡೆದಿದ್ದವು, ಊರಿನ ಹೆಸರು ಬರೆದ ಚೀಟಿಗಳು ನೆನೆದು ಹಿಟ್ಟಾಗಿದ್ದವು. ಹಂಗಳದ ಗೆಡ್ಡೆಯನ್ನು ಅವರು ಕೈಯಲ್ಲಿ ಮುಟ್ಟಿಯೇ ಹೇಳಬಲ್ಲರು. ಆದರೆ ಅಟೆಂಡರನ ಕೈ ಯಾವ ಸಮಿತಿಗೂ ಸಾಕ್ಷಿಯಲ್ಲ. ಬಂದವರು ಹಾರ ಹಾಕಿಸಿಕೊಂಡರು, ಊಟ ಮಾಡಿದರು, ಮಾದರಿಗಳೆಲ್ಲಿ ಎಂದು ಕೇಳಿ ಹೋದರು.

ತಿಂಗಳ ನಂತರ ಪತ್ರ ಬಂತು. ಮೊದಲ ಹಾಳೆಯಲ್ಲಿ ಕಾಲೇಜಿನ ಸ್ವಚ್ಛತೆಗೆ ಮೆಚ್ಚುಗೆ. ಎರಡನೆಯದರಲ್ಲಿ, ಮಾದರಿಗಳನ್ನು ಕಾಪಾಡದ ಕಾರಣ ಅನುದಾನ ಇಲ್ಲ. ಪ್ರಿನ್ಸಿಪಾಲರು ಮೊದಲ ಹಾಳೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಲು ಹೇಳಿದರು. ರಾಜಣ್ಣ ಎರಡನ್ನೂ ಅಂಟಿಸಿದರು.

"ಒಂದೇ ಅಂದಿದ್ನಲ್ಲಯ್ಯ?"

"ಗೋಂದು ಮಿಕ್ಬುಟ್ಟಿತ್ತು ಸಾ. ಸುಮ್ನೆ ಒಣಗ್ಸದ್ಯಾಕೆ ಅಂತ ಅದ್ನೂ ಅಂಟಿಸ್ಬುಟ್ಟೆ."